ಹಸ್ತಪ್ರತಿಯ ಕೊಳವೆ ದೂರದರ್ಶಕವೇ?

ಪ್ರಶ್ನೆ: ಯುರೋಪಿನ ಹಳೆಯ ಹಸ್ತಪ್ರತಿಯೊಂದರ ಚಿತ್ರದಲ್ಲಿ ಸನ್ಯಾಸಿಯೊಬ್ಬ ಕಂಬದ ಮೇಲಿನ ಕೊಳವೆಗೆ ಕಣ್ಣಿಟ್ಟು ನಕ್ಷತ್ರ ನೋಡುತ್ತಿದ್ದಾನೆ. ಸಾವಿರ ವರ್ಷಗಳ ಹಿಂದೆಯೇ ದೂರದರ್ಶಕ ಇತ್ತೇ? ನಮ್ಮ ಮಲೆನಾಡಿನಲ್ಲಿ ಅಂಥದನ್ನು ಬಳಸಬಹುದಿತ್ತೇ? – ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದೂರದರ್ಶಕ ಬಂದದ್ದು 1608ರಲ್ಲಿ. ತಾವು ನೋಡಿರುವುದು ಬಹುಶಃ ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದ ಗ್ರಂಥಭಂಡಾರದಲ್ಲಿರುವ ಚಿತ್ರ. ಆ ಕೊಳವೆಯಲ್ಲಿ ಗಾಜಿನ ಮಸೂರವಿಲ್ಲ. ನೋಟವನ್ನು ಒಂದೇ ದಿಕ್ಕಿಗೆ ಕಟ್ಟಿಹಾಕುವುದಷ್ಟೇ ಅದರ ಕೆಲಸ. ಅದು ರಾತ್ರಿಯ ಗಡಿಯಾರ.

ಮಠಗಳಲ್ಲಿ ನಡುರಾತ್ರಿಯ ನಂತರದ ಪ್ರಾರ್ಥನೆಗೆ ಹೊತ್ತು ತಿಳಿಯಬೇಕಿತ್ತು. ನೆರಳಿನ ಗಡಿಯಾರ ಆಗ ನಿರುಪಯೋಗಿ. 9ನೇ ಶತಮಾನದಲ್ಲಿ ಇಟಲಿಯ ವೆರೋನಾದಲ್ಲಿದ್ದ ಪಾದ್ರಿ ಪಸಿಫಿಕಸ್‌ನ ಸಮಾಧಿಲೇಖವು, ಹಿಂದೆ ಯಾರೂ ಕಂಡಿರದ ರಾತ್ರಿ ಗಡಿಯಾರವನ್ನು ಆತ ಮಾಡಿದನೆಂದು ಹೇಳುತ್ತದೆ. ಈ ವಿಧಾನದಲ್ಲಿ ಕೊಳವೆಯನ್ನು ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಆಕಾಶದ ಧ್ರುವಬಿಂದುವಿನತ್ತ ನಿಲ್ಲಿಸಿ, ಸಮೀಪದ ಪ್ರಕಾಶಮಾನ ತಾರೆಯೊಂದು ಅದರ ಸುತ್ತ ಎಲ್ಲಿದೆಯೆಂದು ನೋಡುತ್ತಿದ್ದರು. ತಾರೆ ಗಂಟೆಗೆ ಸುಮಾರು 15 ಡಿಗ್ರಿ ಸರಿಯುವುದರಿಂದ ಅದರ ಸ್ಥಾನವೇ ವೇಳೆಯನ್ನು ಹೇಳುತ್ತದೆ. ಆದರೆ ತಾರೆ ಪ್ರತಿದಿನ ಸುಮಾರು 4 ನಿಮಿಷ ಮೊದಲೇ ಅದೇ ಜಾಗಕ್ಕೆ ಬರುವ ಕಾರಣ ತಿಂಗಳಿಗೆ 2 ಗಂಟೆಯ ವ್ಯತ್ಯಾಸವಾಗುತ್ತದೆ; ಹೀಗಾಗಿ ದಿನಾಂಕ ತಿಳಿಯದೆ ಲೆಕ್ಕ ಕೂಡದು.

ನನಗೆ ಅತ್ಯಂತ ಸೊಗಸೆನಿಸುವ ಸಂಗತಿಯೆಂದರೆ, ಅಂದು ಮುಳ್ಳಿನಂತೆ ಸುತ್ತುತ್ತಿದ್ದ ಆ ತಾರೆಯನ್ನು ವಿದ್ವಾಂಸರು ಇಂದಿನ ನಮ್ಮ ಧ್ರುವನಕ್ಷತ್ರವೆಂದೇ ಗುರುತಿಸುತ್ತಾರೆ. ಭೂಮಿಯ ಅಕ್ಷ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ತಿರುಗುವುದರಿಂದ, ಇಂದು ಧ್ರುವಬಿಂದುವಿನಿಂದ 1 ಡಿಗ್ರಿಯೂ ದೂರವಿಲ್ಲದ ಆ ನಕ್ಷತ್ರ ಪಸಿಫಿಕಸ್‌ನ ಕಾಲದಲ್ಲಿ ಸುಮಾರು 7 ಡಿಗ್ರಿ ದೂರದಲ್ಲಿತ್ತು.

ಇನ್ನು ಮಲೆನಾಡಿನ ಮಾತು. ಧ್ರುವಬಿಂದುವಿನ ಎತ್ತರ ಊರಿನ ಅಕ್ಷಾಂಶದಷ್ಟೇ ಇರುತ್ತದೆ: ವೆರೋನಾದಲ್ಲಿ 45 ಡಿಗ್ರಿ, ಶಿವಮೊಗ್ಗದಲ್ಲಿ ಸುಮಾರು 14. ಅಲ್ಲಿ ಸಪ್ತರ್ಷಿ ಮಂಡಲ ಮುಳುಗುವುದೇ ಇಲ್ಲ; ಇಲ್ಲಿ ಅದರ ಏಳೂ ತಾರೆಗಳು ಹುಟ್ಟಿ ಮುಳುಗುತ್ತವೆ. ಉತ್ತರಕ್ಕೆ ಗುಡ್ಡವೋ ಅಡಿಕೆ ತೋಟವೋ ಇದ್ದರೆ ಧ್ರುವವೇ ಮರೆಯಾಗುತ್ತದೆ, ಮಳೆಗಾಲದಲ್ಲಂತೂ ಆಕಾಶವೇ ಕಾಣದು. ತಳದಲ್ಲಿ ಸಣ್ಣ ತೂತಿದ್ದು, ನೀರಿನ ಮೇಲೆ ತೇಲಿಬಿಟ್ಟರೆ 24 ನಿಮಿಷಕ್ಕೆ ಮುಳುಗುವ ತಾಮ್ರದ ಗಳಿಗೆ ಬಟ್ಟಲಿಗೆ ಈ ತೊಡಕುಗಳಿಲ್ಲ. ನಮ್ಮ ಸೀಮೆಗೆ ಅದೇ ಹೆಚ್ಚು ಹೊಂದುವ ಸಾಧನವೆಂದು ನನ್ನ ಅಭಿಪ್ರಾಯ. ಹಾಗೆಂದು ಭಾರತದಲ್ಲಿ ನಕ್ಷತ್ರ ಗಡಿಯಾರ ಇರಲಿಲ್ಲವೆಂದಲ್ಲ. 15ನೇ ಶತಮಾನದ ಪದ್ಮನಾಭನ ಧ್ರುವಭ್ರಮ ಯಂತ್ರದಲ್ಲಿ ಫಲಕದ ಸೀಳಿನ ಮೂಲಕ ಧ್ರುವನಕ್ಷತ್ರವನ್ನೂ ಲಘು ಸಪ್ತರ್ಷಿಯ ಕೊಚಾಬ್ ತಾರೆಯನ್ನೂ ಒಟ್ಟಿಗೆ ನೋಡಿ ವೇಳೆ ತಿಳಿಯುತ್ತಿದ್ದರು.

ಪರೀಕ್ಷಿಸುವ ಆಸೆಯಿದ್ದರೆ, ಏಪ್ರಿಲ್ ನಡುವಿನ ತಿಳಿ ರಾತ್ರಿಯಲ್ಲಿ ಉತ್ತರ ದಿಗಂತ ತೆರೆದಿರುವ ಗದ್ದೆಬಯಲಿಗೆ ಹೋಗಿ, ಬಿದಿರಿನ ಕೊಳವೆಯನ್ನು ಧ್ರುವನಕ್ಷತ್ರಕ್ಕೆ ಗುರಿಯಿಟ್ಟು ಗೂಟಕ್ಕೆ ಕಟ್ಟಿರಿ. ರಾತ್ರಿ 8ರ ಹೊತ್ತಿಗೆ ಧ್ರುವದ ಬಲಕ್ಕಿರುವ ಕೊಚಾಬ್ 2 ಗಂಟೆಯ ವೇಳೆಗೆ ನೇರ ಮೇಲಕ್ಕೆ ಬಂದಿರುತ್ತದೆ.