ಹಳೇ ಸಂದುನೋವು, ಈಗ ಭೇದಿ: ಎರಡಕ್ಕೂ ಒಂದೇ ಕಾರಣ ಇರಬಹುದಾ?

ಇರಬಹುದು. ಮುಧೋಳದ ನಿಮ್ಮ ಕಾಕಾಗೆ ಎಷ್ಟೋ ವರ್ಷದಿಂದ ಮೊಣಕಾಲು, ಮುಂಗೈ ಸಂದು ಬಾತು ತಾನೇ ಇಳಿಯುತ್ತವೆ, ಆರ್‌ಎ ಫ್ಯಾಕ್ಟರ್ (ಸಂಧಿವಾತದ ರಕ್ತಪರೀಕ್ಷೆ) ನೆಗೆಟಿವ್, ಈಗ ಭೇದಿ ಹತ್ತಿ ಮೈ ಇಳಿದಿದೆ, ಸಂದುನೋವಿಗೆ ದುಬಾರಿ ಬಯಾಲಜಿಕ್ (ರೋಗನಿರೋಧಕ ಶಕ್ತಿ ತಗ್ಗಿಸುವ) ಇಂಜೆಕ್ಷನ್ ಶುರು ಮಾಡೋಣ ಅಂದಿದ್ದಾರೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಬೆಳಗಾವಿಯಲ್ಲಿ ಬಯಾಪ್ಸಿ ಸ್ಲೈಡ್ ಮಾಡುವ ಲ್ಯಾಬ್ ಟೆಕ್ನಿಷಿಯನ್. ಆದರೂ ಹೇಳುತ್ತೇನೆ, ಇಂಜೆಕ್ಷನ್‌ಗೆ ಮೊದಲು ಕರುಳು ತೋರಿಸಿ.

ಮೊದಲು ನೋಡಬೇಕಾದ್ದು ಟಿಬಿ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ), ಸೀಲಿಯಾಕ್ (ಗೋಧಿಯ ಅಂಶ ಕರುಳಿಗೆ ಒಗ್ಗದ ಕಾಯಿಲೆ). ನಮ್ಮದು ಜೋಳದ ರೊಟ್ಟಿ ಮನೆ ಅಂತ ಸೀಲಿಯಾಕ್ ಬಿಡಬೇಡಿ, ಚಪಾತಿ ತಿಂತೀವಲ್ವಾ. ಇವೆಲ್ಲ ಅಲ್ಲ ಅಂದರೆ ವಿಪಲ್ ಕಾಯಿಲೆ ನೆನಪಿಸಿ. ತೀರಾ ಅಪರೂಪ. 1907ರಲ್ಲಿ ಅಮೆರಿಕದ ಜಾರ್ಜ್ ವಿಪಲ್ ಮೊದಲು ಬರೆದದ್ದು. ಟ್ರೊಫೆರಿಮಾ ವಿಪ್ಲೈ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ, ನಡುವಯಸ್ಸಿನ ಗಂಡಸರಲ್ಲಿ ಜಾಸ್ತಿ. ಹೊಟ್ಟೆ ಕೆಡುವ ಎಷ್ಟೋ ವರ್ಷ ಮೊದಲೇ ಸಂದುನೋವು ಬರುತ್ತದೆ, ಹಾಗಾಗಿ ಎಲ್ಲರೂ ಸಂಧಿವಾತ ಅಂತಲೇ ಔಷಧ ಕೊಡುತ್ತಾರೆ. ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್ ಬಿದ್ದರೆ ಬ್ಯಾಕ್ಟೀರಿಯಾಗೆ ದಾರಿ ಸಲೀಸು. ನನಗೆ ಭಯ ಇರುವುದು ಅದಕ್ಕೇ.

ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಮೊದಲ ಭಾಗದಿಂದ ನಾಲ್ಕಾರು ಚೂರು ತೆಗೆಯಬೇಕು. ಕಣ್ಣಿಗೆ ಕರುಳು ಚೆನ್ನಾಗಿ ಕಂಡರೂ ತೆಗೆಯಬೇಕು. ನಮ್ಮ ಕೈಗೆ ಬರುವಾಗ ಅವು ಎಳ್ಳಿನಷ್ಟಿರುತ್ತವೆ. ಮಾಮೂಲಿ ಬಣ್ಣದಲ್ಲಿ ನೊರೆ ತುಂಬಿದಂಥ ಮಸುಕು ಜೀವಕೋಶ ಕಾಣಬಹುದು, ಅಷ್ಟೇ. ಪಿಎಎಸ್ ಎಂಬ ವಿಶೇಷ ಬಣ್ಣ ಹಾಕಿದರೆ ಅವೇ ಕಡು ಗುಲಾಬಿಗೆ ತಿರುಗುತ್ತವೆ. ಟಿಬಿ ಜಾತಿಯ ಕೆಲವು ಬ್ಯಾಕ್ಟೀರಿಯಾದಲ್ಲೂ ಹೀಗಾಗುತ್ತದೆ, ಅದಕ್ಕೆ ಟಿಬಿ ಬಣ್ಣವನ್ನೂ ಹಾಕಿ ನೋಡುತ್ತಾರೆ, ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ.

ಇನ್ನೊಂದು, ಬಯಾಪ್ಸಿ ಫಾರ್ಮಿನಲ್ಲಿ ಸುಮ್ನೆ 'ಭೇದಿ' ಅಂತ ಬರೆದು ಕಳಿಸಿದರೆ ಪಿಎಎಸ್ ಯಾರಿಗೂ ಹೊಳೆಯಲಿಕ್ಕಿಲ್ಲ. ಹಳೇ ಸಂದುನೋವಿನ ಕಥೆಯನ್ನೂ ಬರೆಯಿರಿ ಅಂತ ಡಾಕ್ಟರಿಗೆ ಕೈಮುಗಿದು ಕೇಳಿ. ಮೂಳೆ ಡಾಕ್ಟರ ಫೈಲು, ಹೊಟ್ಟೆ ಡಾಕ್ಟರ ಫೈಲು ಒಂದೇ ಚೀಲದಲ್ಲಿ ಒಯ್ಯಿರಿ.

ಇದೇ ಕಾಯಿಲೆ ಅಂತಾದರೆ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಸಾಮಾನ್ಯವಾಗಿ 2 ವಾರ ನರಕ್ಕೆ ಸೆಫ್ಟ್ರಿಯಾಕ್ಸೋನ್, ಆಮೇಲೆ ವರ್ಷದವರೆಗೆ ಮಾತ್ರೆ. ಚಿಕಿತ್ಸೆ ಕೊಡದೆ ಬಿಟ್ಟರೆ ಜೀವಕ್ಕೇ ಅಪಾಯ. ಈಗಾಗಲೇ ಸ್ಟೀರಾಯ್ಡ್ ನುಂಗುತ್ತಿದ್ದರೆ ನೀವಾಗೇ ನಿಲ್ಲಿಸಬೇಡಿ. ಮರೆವು ಜಾಸ್ತಿಯಾಗಿದೆಯಾ, ಕಣ್ಣು ಮೇಲೆ ಕೆಳಗೆ ಹೊರಳಿಸಲು ಕಷ್ಟವಾ, ನೋಡಿ. ಹಾಗಿದ್ದರೆ ಮಿದುಳಿಗೂ ಹಬ್ಬಿರಬಹುದು, ಇವತ್ತೇ ಕರೆದೊಯ್ಯಿರಿ.