ಹಾಡೋರಿಗೂ ಹೊಟ್ಟೆ ಇದೆ ಮೇಷ್ಟ್ರೇ

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ರು ಕಾಗದ ಬರೆದಿದಾರೆ. ಹೋದ ಸಂಚಿಕೆಯಲ್ಲಿ ಅಮೆರಿಕದ ಕ್ರಿಶ್ಚಿಯನ್ ರಾಕ್ ಬ್ಯಾಂಡ್‌ಗಳ ಬಗ್ಗೆ ಬಂದ ಲೇಖನ ಅವರಿಗೆ ಬೇಸರ ತಂದಿದೆ. ಯೇಸುವಿನ ಹೆಸರು ಹಾಡಿ ಟಿಕೆಟ್ ಮಾರೋದು, ಬಾಗಿಲಲ್ಲಿ ಟೀಶರ್ಟ್ ಮಾರೋದು ವ್ಯಾಪಾರ ಅಲ್ವಾ, ಪಡೆದದ್ದು ಉಚಿತ, ಕೊಡೋದೂ ಉಚಿತವಾಗಿರ್ಲಿ ಅಂತ ಬೈಬಲಿನ ಮತ್ತಾಯನ ಸುವಾರ್ತೆ 10ನೇ ಅಧ್ಯಾಯದಲ್ಲೇ ಇದೆಯಲ್ಲ ಅಂತ ಕೇಳ್ತಾರೆ.

ಮೇಷ್ಟ್ರೇ, ನಿಮ್ಮ ಕಾಗದ ಮೂರು ಸಲ ಓದಿದೆ. ಆ ದುಂಡು ಅಕ್ಷರ ನೋಡಿಯೇ ಖುಷಿಯಾಯ್ತು. ನಿಮ್ಮ ಮಾತಲ್ಲಿ ನಿಜ ಇಲ್ಲ ಅಂತ ನಾನು ಹೇಳಲ್ಲ. ಕೀತ್ ಗ್ರೀನ್ ಅಂತ ಒಬ್ಬ ಗಾಯಕ ಇದ್ದ, 1979ರಿಂದ ಹಾಡಿಗೆ ದುಡ್ಡು ಕೇಳಲ್ಲ ಅಂತ ಹಠ ಹಿಡಿದ, 1980ರ ಆಲ್ಬಮ್ಮನ್ನ ಕೈಲಾದಷ್ಟು ಕೊಟ್ಟು ತಗೊಂಡ್ಹೋಗಿ ಅಂದ. ಕೈಮುಗೀತೀನಿ ಅವನಿಗೆ. ಆದ್ರೆ ಅದನ್ನ ಮಾಡೋಕೆ ಅವನು ಮನೆ ಅಡ ಇಟ್ಟಿದ್ದ. ಷಿಕಾಗೋದ ರಿಸರೆಕ್ಷನ್ ಬ್ಯಾಂಡ್‌ನವರೂ ಹಾಗೇ, ಜೀಸಸ್ ಪೀಪಲ್ ಅನ್ನೋ ಸಮುದಾಯದಲ್ಲಿ ಎಲ್ಲರ ಜೊತೆ ಒಂದೇ ಹಣದ ಗಂಟಲ್ಲಿ ಬದುಕ್ತಿದ್ರು, ಟೂರ್ ಮುಗಿಸಿ ಬಂದ್ರೆ ಅದೇ ಕೂಡುಬಾಳು, ಆ ಸಮುದಾಯ ತನ್ನ ಖರ್ಚು ನಡೆಸೋಕೆ ಚಾವಣಿ ಸಾಮಾನಿನ ವ್ಯಾಪಾರವನ್ನೂ ಮಾಡ್ತಿತ್ತು. ಅಂದ್ರೆ ಪುಕ್ಕಟೆ ಹಾಡಿನ ಹಿಂದೆಯೂ ಯಾರದೋ ಮನೆ, ಯಾರದೋ ದುಡಿಮೆ ಇದ್ದೇ ಇರುತ್ತೆ.

ಇನ್ನು ನೀವು ಹೇಳಿದ ವಚನ. ಅದು 8ನೇದು. ದಯವಿಟ್ಟು ಇನ್ನೆರಡು ವಚನ ಮುಂದಕ್ಕೆ ಓದಿ, 10ನೇದರಲ್ಲಿ ಯೇಸುವೇ ಹೇಳ್ತಾನೆ, ಕೆಲಸ ಮಾಡೋನು ತನ್ನ ಊಟಕ್ಕೆ ಯೋಗ್ಯ ಅಂತ. ನಲವತ್ತು ವರ್ಷ ಪಾಠ ಹೇಳಿದೋರು ಅರ್ಧಕ್ಕೇ ಪುಸ್ತಕ ಮುಚ್ಚಬಾರದು ಮೇಷ್ಟ್ರೇ.

ನಂಗೆ ಪೆಟ್ರಾ ಅನ್ನೋ ಕ್ರಿಶ್ಚಿಯನ್ ರಾಕ್ ಬ್ಯಾಂಡಿನ ಕಥೆ ತುಂಬಾ ಹತ್ತಿರ. 1972ರಲ್ಲಿ ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ ಬಾಬ್ ಹಾರ್ಟ್‌ಮನ್ ಮತ್ತೆ ಗೆಳೆಯರು ಶುರು ಮಾಡಿದ್ದು. ಆಗ ಎಷ್ಟೋ ಚರ್ಚುಗಳಿಗೆ ಎಲೆಕ್ಟ್ರಿಕ್ ಗಿಟಾರ್ ಅಂದ್ರೆ ಸೈತಾನನ ಸದ್ದು, ರಾಕ್ ಕೇಳೋರಿಗೆ ಯೇಸು ಬೇಡ, ಎರಡೂ ಕಡೆ ಬಾಗಿಲು ಹಾಕಿದ್ರೆ ಗಾಡಿಗೆ ಪೆಟ್ರೋಲ್ ಎಲ್ಲಿಂದ ಬರ್ಬೇಕು? 1986ರಲ್ಲಿ ಜಾನ್ ಶ್ಲಿಟ್ ಸೇರಿದ. ಅದಕ್ಕೂ ಮುಂಚೆ ಹೆಡ್ ಈಸ್ಟ್ ಅನ್ನೋ ದೊಡ್ಡ ರಾಕ್ ಬ್ಯಾಂಡ್‌ನಲ್ಲಿ ಹಾಡ್ತಿದ್ದೋನು, ಅಲ್ಲಿ ಡ್ರಗ್ಸ್‌ಗೆ ಬಿದ್ದು 1980ರಲ್ಲಿ ಹೊರಗೆ ಬಂದು, ದೇವರ ಕಡೆ ತಿರುಗಿ, ಹಾಡೋದೇ ಬಿಟ್ಟು ಗಣಿ ಕಂಪನಿಯಲ್ಲಿ ಎಂಜಿನಿಯರ್ ಆಗಿ ಸಂಬಳ ತಗೊಂಡು ಹೆಂಡ್ತಿ ಮಕ್ಕಳ ಜೊತೆ ಇದ್ದ. ಅಂಥ ಮನುಷ್ಯ ತಿಂಗಳ ಸಂಬಳ ಬಿಟ್ಟು ಮತ್ತೆ ಬಸ್ ಹತ್ತಿದ್ದು ನೋಡಿ. ಅವನಿಗೆ ಕೂಲಿ ಕೊಡಬಾರದು ಅಂತ ಹೇಗೆ ಹೇಳ್ಲಿ?

ಟೂರ್ ಅಂದ್ರೆ ಸ್ಟೇಜ್ ಮೇಲಿನ ಎರಡು ಗಂಟೆ ಮಾತ್ರ ನಮ್ಗೆ ಕಾಣೋದು. ಹಗಲಿಡೀ ಲಾರಿಯಿಂದ ಸ್ಪೀಕರ್ ಇಳಿಸೋದು, ಲೈಟ್ ಕಟ್ಟೋದು, ಸೌಂಡ್ ಚೆಕ್, ರಾತ್ರಿ ಎಲ್ಲಾ ಬಿಚ್ಚಿ ತುಂಬಿ ಬಸ್ಸಿನ ಬರ್ತ್‌ನಲ್ಲಿ ಮಲಗಿ ಬೆಳಗಾಗೋದ್ರೊಳಗೆ ಇನ್ನೊಂದು ಊರು. ಚಿಕ್ಕ ಬ್ಯಾಂಡ್‌ಗಳಿಗೆ ಚರ್ಚಲ್ಲಿ ತಟ್ಟೆ ಹಿಡಿದು ಎತ್ತೋ ಲವ್ ಆಫರಿಂಗ್ ಅನ್ನೋ ಕಾಣಿಕೆ, ಎಷ್ಟು ಬೀಳುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಎಷ್ಟೋ ಸಲ ನೀವು ಬೈದ ಆ ಟೀಶರ್ಟ್ ಮೇಜಿಂದ್ಲೇ ಮುಂದಿನ ಊರಿನ ಡೀಸೆಲ್ ಹುಟ್ಟೋದು. ಮನೆ ನೋಡ್ಕೊಳ್ಳೋಳು ಹೆಂಡ್ತಿ, ಮಗು ಅಪ್ಪನ್ನ ಗುರುತಿಸೋದು ಫೋನಿನ ದನಿಯಲ್ಲಿ. ಹಾರ್ಟ್‌ಮನ್ 1995ರಲ್ಲಿ ತಾನು ಕಟ್ಟಿದ ಬ್ಯಾಂಡಿನ ಜೊತೆ ತಿರುಗೋದೇ ಬಿಟ್ಟ, ಮನೆಯವರ ಜೊತೆ ಇರ್ಬೇಕು ಅಂತ. ಹಾಡು ಬರೆದುಕೊಡೋದು ಮಾತ್ರ ಬಿಡ್ಲಿಲ್ಲ. ನಾಲ್ಕು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದ ಬ್ಯಾಂಡ್ ಅದು, 2005ರ ಡಿಸೆಂಬರ್ 31ರ ರಾತ್ರಿ ಬೀಳ್ಕೊಡುಗೆ ಹಾಡು ಹಾಡಿತು.

ದುಡ್ಡು ತಗೊಂಡೋರೆಲ್ಲ ಆಸೆಬುರುಕರು ಅಂತೀರಾ? ರಿಚ್ ಮಲಿನ್ಸ್ ಅನ್ನೋ ಕ್ರಿಶ್ಚಿಯನ್ ಗಾಯಕ ತನ್ನ ಗಳಿಕೆಯನ್ನ ಚರ್ಚಿನ ಹಿರಿಯರ ಕೈಗೆ ಕೊಟ್ಟು, ಒಬ್ಬ ಸಾಮಾನ್ಯ ಕೆಲಸಗಾರನ ಸಂಬಳ ಮಾತ್ರ ತಗೊಂಡು, ಮಿಕ್ಕಿದ್ದು ದಾನಕ್ಕೆ ಹೋಗ್ಲಿ ಅಂದ. 1995ರಿಂದ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲದಲ್ಲೇ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಾ ಇದ್ದ. 1997ರ ಸೆಪ್ಟೆಂಬರ್ 19ರಂದು ಕಾರ್ಯಕ್ರಮಕ್ಕೆ ಅಂತ ವಿಚಿಟಾಗೆ ಹೊರಟವನು ಇಲಿನಾಯ್ ರಸ್ತೆಯಲ್ಲೇ ಅಪಘಾತದಲ್ಲಿ ತೀರ್ಕೊಂಡ, ಇನ್ನೂ 41 ವರ್ಷ.

ನಂಗೆ ಸಿಟ್ಟು ಬರೋದು ನಮ್ಮೂರಿಂದ. ಕೆಲವು ವರ್ಷದ ಹಿಂದೆ ಒಂದು ದಾಸರಪದ ಕಾರ್ಯಕ್ರಮಕ್ಕೆ ಹೋಗಿದ್ದೆ. ಶಾಮಿಯಾನದೋರಿಗೆ ಅಡ್ವಾನ್ಸ್, ಮೈಕಿನೋರಿಗೆ ಅಡ್ವಾನ್ಸ್, ಅಡುಗೆ ಭಟ್ರಿಗೆ ಅಡ್ವಾನ್ಸ್. ಹಾಡಿದೋರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಹೊರಗೆ ಬಂದ್ಮೇಲೆ ತಬಲಾ ಹುಡುಗ ಬಸ್ ಚಾರ್ಜಿಗೆ ನನ್ನತ್ರ ಇನ್ನೂರು ರೂಪಾಯಿ ಕೇಳ್ದ, ಕೇಳೋವಾಗ ಮುಖ ಎತ್ತಲಿಲ್ಲ. ಭಕ್ತಿ ಸೇವೆ ಅಲ್ವಾ, ದುಡ್ಡಿನ ಮಾತು ಯಾಕೆ ಅಂದ್ರು ವ್ಯವಸ್ಥಾಪಕರು. ಗುಡಿ ಆಗ್ಲಿ ಚರ್ಚ್ ಆಗ್ಲಿ, ದೇವರ ಹೆಸರು ಬಂದ ತಕ್ಷಣ ಕಲಾವಿದನ ಕೂಲಿಯನ್ನೇ ಮೊದಲು ಕತ್ತರಿಸ್ತೀವಿ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಬೆರಳುಗಳಿಗೆ ನಮ್ಮಲ್ಲಿ ಬೆಲೆಯೇ ಇಲ್ಲ.

ಮೇಷ್ಟ್ರೇ, ನಿಮ್ಮ ಚರ್ಚಲ್ಲಿ ಕ್ರಿಸ್ಮಸ್‌ಗೆ ಕೀಬೋರ್ಡ್ ನುಡಿಸೋ ಹುಡುಗ ಒಬ್ಬ ಇರ್ತಾನಲ್ಲ, ಅವನಿಗೆ ಹೋದ ವರ್ಷ ಎಷ್ಟು ಕೊಟ್ರಿ? ವಿಚಾರಿಸಿ ಬರೀರಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಮೊದ್ಲು ಹಾಕ್ತೀನಿ.