ಸರಿ-ತಪ್ಪನ್ನು ಬರೀ ತರ್ಕದಿಂದ ತೀರ್ಮಾನಿಸಬಹುದಾ?

ದೇವರು, ಸಂಪ್ರದಾಯ, ಭಾವನೆ ಎಲ್ಲವನ್ನೂ ಪಕ್ಕಕ್ಕಿಟ್ಟು, ಸರಿ-ತಪ್ಪನ್ನು ಲೆಕ್ಕ ಬಿಡಿಸಿದ ಹಾಗೆ ಬಿಡಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ ಅಂತ ನನ್ನ ಅನಿಸಿಕೆ. ಆದರೆ ತರ್ಕವನ್ನು ಬಿಟ್ಟರೆ ಇನ್ನೂ ದೊಡ್ಡ ಎಡವಟ್ಟು.

ಯಾಕೆ ಆಗಲ್ಲ ಅನ್ನೋದನ್ನು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739-40ರಲ್ಲೇ ಹೇಳಿಬಿಟ್ಟಿದ್ದಾನೆ. 'ಹೀಗಿದೆ' ಅನ್ನುವ ಮಾತುಗಳನ್ನು ಎಷ್ಟು ಪೇರಿಸಿದರೂ ಅಷ್ಟರಿಂದಲೇ 'ಹೀಗೆ ಮಾಡಬೇಕು' ಅನ್ನುವ ಮಾತು ಹುಟ್ಟಲ್ಲ. ಎದುರಿಗಿರುವ ಮಗು ಹಸಿದಿದೆ. ನನ್ನ ಹತ್ತಿರ ಎರಡು ರೊಟ್ಟಿ ಇವೆ. ಎರಡೂ ನಿಜ. ಆದರೆ 'ಒಂದು ಕೊಡಬೇಕು' ಅನ್ನಿಸೋಕೆ ಆ ಹಸಿವು ನನಗೆ ತಟ್ಟಬೇಕು. ತಟ್ಟದವನ ತರ್ಕದಲ್ಲಿ ತಪ್ಪು ಹುಡುಕಿ ನೋಡಿ, ಸಿಗಲ್ಲ.

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಇದನ್ನು ಒಪ್ಪಲಿಲ್ಲ. ಎಲ್ಲರಿಗೂ ನಿಯಮ ಆಗಬಲ್ಲದ್ದನ್ನಷ್ಟೇ ಮಾಡು, ಅದಕ್ಕೆ ವಿವೇಚನೆಯೇ ಸಾಕು ಅಂದ. ಸರಿ, ಆದರೆ ಆ ದಾರಿ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ. ಸ್ನೇಹಿತ ನಿಮ್ಮ ಮನೆಯಲ್ಲಿ ಅಡಗಿದ್ದಾನೆ, ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು 'ಒಳಗಿದ್ದಾನಾ?' ಅಂತಾನೆ. ಆಗಲೂ ಸುಳ್ಳು ಹೇಳಬಾರದು ಅಂತ 1797ರಲ್ಲಿ ಬರೆದ!

ಮಹಾಭಾರತದ ಕರ್ಣಪರ್ವದಲ್ಲಿ ಇಂಥದ್ದೇ ಒಂದು ಕಥೆ ಇದೆ. ಕೌಶಿಕ ಅನ್ನುವ ತಪಸ್ವಿಗೆ ಸತ್ಯ ಹೇಳುವ ವ್ರತ. ಕಳ್ಳರಿಗೆ ಹೆದರಿ ಕೆಲವರು ಕಾಡಿಗೆ ನುಗ್ಗಿ ಅವಿತುಕೊಳ್ಳುತ್ತಾರೆ. ಹಿಂದೆಯೇ ಬಂದ ಕಳ್ಳರು ಕೇಳಿದಾಗ ಈತ ದಾರಿ ತೋರಿಸಿಬಿಡುತ್ತಾನೆ. ಅವರೆಲ್ಲ ಸತ್ತರು, ಕೌಶಿಕ ನರಕಕ್ಕೆ ಹೋದ. ಪ್ರತಿಜ್ಞೆ ಉಳಿಸಿಕೊಳ್ಳಲು ಅಣ್ಣ ಧರ್ಮರಾಯನ ಮೇಲೇ ಕತ್ತಿ ಎಳೆದ ಅರ್ಜುನನಿಗೆ ಕೃಷ್ಣ ಹೇಳುವ ಕಥೆ ಇದು. ಕೃಷ್ಣನ ಎಲ್ಲ ಉಪಾಯಗಳಿಗೂ ನನ್ನ ಒಪ್ಪಿಗೆ ಇಲ್ಲ, ಅದು ಬೇರೆ ಮಾತು. ಇಲ್ಲಿ ಮಾತ್ರ ನಾನು ಅವನ ಕಡೆ.

ಹಾಗಂತ 'ಮನಸ್ಸಿಗೆ ಅನ್ನಿಸಿದ್ದೇ ಸರಿ' ಅಂದುಬಿಡೋಣ ಅಂದರೆ ನನಗೆ ನಮ್ಮಜ್ಜಿ ನೆನಪಾಗುತ್ತಾರೆ. ಬಹಳ ಕರುಳಿನ ಹೆಂಗಸು. ತೋಟದ ಕೆಲಸಕ್ಕೆ ಬರುತ್ತಿದ್ದಾಕೆಯ ಮಗುವಿಗೆ ಜ್ವರ ಬಂದರೆ ಗಂಜಿ ಕಾಯಿಸಿ ಕಳಿಸುತ್ತಿದ್ದರು. ಆದರೆ ಆಕೆಗೆ ಕಾಫಿ ಮಾತ್ರ ತೆಂಗಿನ ಚಿಪ್ಪಿನಲ್ಲಿ. ಅದೂ ಮೇಲಿಂದ ಹುಯ್ಯೋದು. ಆ ಚಿಪ್ಪು ಹಿತ್ತಲ ಗೋಡೆಯ ಸಂದಿಯಲ್ಲಿ ಇರುತ್ತಿತ್ತು. ಅಜ್ಜಿಗೆ ಅದರಲ್ಲಿ ಏನೂ ತಪ್ಪು ಅನ್ನಿಸುತ್ತಿರಲಿಲ್ಲ. ಅನ್ನಿಸದೇ ಇದ್ದದ್ದೇ ತೊಂದರೆ, ಅಲ್ವಾ?

ಒಂದು ದಿನ ಅಕ್ಕ ಕೇಳಿದಳು: "ಅಜ್ಜಿ, ಬೆಕ್ಕು ಬಾಯಿ ಹಾಕಿದ ಲೋಟ ತೊಳೆದು ಒಳಗೆ ಇಟ್ಕೋತೀಯ. ಇವರು ಕುಡಿದದ್ದನ್ನು ತೊಳೆದರೆ ಯಾಕಾಗಲ್ಲ?"

ಇದು ಶುದ್ಧ ತರ್ಕ. ಒಂದೇ ಥರದ ಎರಡಕ್ಕೆ ಎರಡು ನಿಯಮ ಯಾಕೆ ಅನ್ನುವ ಪ್ರಶ್ನೆ. ಅಜ್ಜಿಯ ಹತ್ತಿರ ಉತ್ತರ ಇರಲಿಲ್ಲ. "ಜಾಸ್ತಿ ಮಾತಾಡಬೇಡ, ಹೋಗು" ಅಂದರು. ಮಾರನೇ ದಿನವೂ ಕಾಫಿ ಚಿಪ್ಪಿನಲ್ಲೇ. ವಾದದಲ್ಲಿ ಸೋತರು, ಅಷ್ಟೇ.

ಮೂರ್ನಾಲ್ಕು ವರ್ಷ ಆದಮೇಲೆ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮನೆಯಲ್ಲಿ ಯಾರೂ ಇರಲಿಲ್ಲ. ಆ ತೋಟದ ಕೆಲಸದಾಕೆಯೇ ಎತ್ತಿ ಕೂರಿಸಿ, ಬಾವಿಕಟ್ಟೆಯ ಮೇಲಿದ್ದ ಚೊಂಬಿನಿಂದ ನೀರು ಕುಡಿಸಿದಳಂತೆ. ಅಜ್ಜಿ ಸುಮ್ನೆ ಕುಡಿದರಂತೆ. ಆಮೇಲೆ ಆ ಚಿಪ್ಪು ಗೋಡೆ ಸಂದಿಯಲ್ಲಿ ಕಾಣಲಿಲ್ಲ. ಆಕೆಗೂ ಸ್ಟೀಲ್ ಲೋಟ ಬಂತು.

ಅಕ್ಕನ ಪ್ರಶ್ನೆ ಇಲ್ಲದೆ ಬರೀ ಆ ಒಂದು ಚೊಂಬು ನೀರಿಗೇ ಅಜ್ಜಿ ಬದಲಾಗುತ್ತಿದ್ದರಾ? ನನಗೆ ಅನುಮಾನ. ಆ ಪ್ರಶ್ನೆ ಒಳಗೆಲ್ಲೋ ಮುಳ್ಳಿನ ಹಾಗೆ ಕೂತಿತ್ತು ಅಂತಲೇ ನನ್ನ ಲೆಕ್ಕ. ಆದರೂ ಅಡುಗೆಮನೆಯ ಹೊಸಿಲನ್ನು ಮಾತ್ರ ಅಜ್ಜಿ ಕೊನೆತನಕ ಆಕೆಗೆ ದಾಟಲು ಬಿಡಲಿಲ್ಲ.